ಅಂಗೈಯಲ್ಲಿ ಬೆಣ್ಣೆ, ಅಲೆದಾಟ ತುಪ್ಪಕ್ಕೆ

ಓದುಗರ ಪತ್ರ: ಸೈಪ್ರಸ್ ದ್ವೀಪದ ಕಡಲಡಿಯಲ್ಲಿ 2011ರಲ್ಲೇ ನೈಸರ್ಗಿಕ ಅನಿಲ ಸಿಕ್ಕಿತೆಂದು ಓದಿದ್ದೇನೆ. ಅದನ್ನು ಅಂದೇ ಹಡಗಿಗೆ ತುಂಬಿ ಯುರೋಪಿಗೆ ಮಾರಿದ್ದರೆ ಆ ಪುಟ್ಟ ದೇಶ ಇಂದು ಇನ್ನೊಂದು ಕತಾರ್ ಆಗುತ್ತಿರಲಿಲ್ಲವೇ? ಟರ್ಕಿಯೊಂದು ಅಡ್ಡ ಬರದಿದ್ದರೆ ಇದು ಸಾಧ್ಯವಾಗುತ್ತಿತ್ತಲ್ಲವೇ?

ಸಂಪಾದಕರ ಉತ್ತರ: ನೀವು ಇಸವಿಯನ್ನು ಸರಿಯಾಗಿ ನೆನಪಿಟ್ಟುಕೊಂಡು ಕೇಳಿದ್ದೀರಿ. ಅಷ್ಟು ಶ್ರದ್ಧೆಯಿಂದ ಓದುವವರು ಕಡಿಮೆ. ಆದರೆ ಪತ್ರದಲ್ಲಿರುವ ‘ಕತಾರ್’ ಎಂಬ ಪದ ನನ್ನನ್ನು ಕಾಡುತ್ತಿದೆ. ಸೈಪ್ರಸ್‌ನ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಸಿಕ್ಕ ‘ಅಫ್ರೊಡೈಟಿ’ ನಿಕ್ಷೇಪದಲ್ಲಿ ಇರುವುದು ಅಂದಾಜು 4.5 ಲಕ್ಷ ಕೋಟಿ ಘನ ಅಡಿ ಅನಿಲ. ಈಜಿಪ್ಟಿನ ಕಡಲಲ್ಲಿ 2015ರಲ್ಲಿ ಪತ್ತೆಯಾದ ‘ಜೋರ್’ ಅದರ ಆರು ಪಟ್ಟಿಗಿಂತಲೂ ದೊಡ್ಡದು. ಕತಾರಿನ ನಿಕ್ಷೇಪವೋ ನೂರು ಪಟ್ಟನ್ನೂ ಮೀರುತ್ತದೆ. ಹಾಗಾದರೆ ಸೈಪ್ರಸ್‌ಗೆ ಸಿಕ್ಕದ್ದು ಅಲ್ಪವೇ? ಖಂಡಿತ ಅಲ್ಲ. ದ್ವೀಪ ಇಬ್ಭಾಗವಾಗಿರುವುದರಿಂದ ಸರ್ಕಾರದ ಆಡಳಿತಕ್ಕೆ ಒಳಪಟ್ಟ ದಕ್ಷಿಣ ಭಾಗದಲ್ಲಿ ಸುಮಾರು ಒಂಬತ್ತು ಲಕ್ಷ ಜನರಿರುವ ದೇಶದ ವಿದ್ಯುತ್ ಸ್ಥಾವರಗಳನ್ನು ದಶಕಗಳ ಕಾಲ ನಡೆಸಲು ಅದು ಧಾರಾಳವಾಗಿ ಸಾಕು. ನನ್ನ ತಕರಾರೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಟರ್ಕಿಯ ವಿಷಯದಲ್ಲಿ ನಿಮ್ಮ ಮಾತು ಅರ್ಧ ನಿಜ. 2018ರ ಫೆಬ್ರವರಿಯಲ್ಲಿ ಕೊರೆಯಲು ಹೊರಟಿದ್ದ ಇಟಲಿಯ ಕಂಪನಿಯ ಹಡಗನ್ನು ಟರ್ಕಿಯ ಯುದ್ಧನೌಕೆಗಳು ತಡೆದು ನಿಲ್ಲಿಸಿದವು. ಕಡೆಗೆ ಅದು ಬಂದ ದಾರಿಗೆ ಸುಂಕವಿಲ್ಲದೆ ಮರಳಿತು. ಆದರೆ ಅಫ್ರೊಡೈಟಿಯನ್ನು ಟರ್ಕಿಯ ಪ್ರತಿಭಟನೆಯ ನಡುವೆಯೇ ಕೊರೆದು ಪತ್ತೆಹಚ್ಚಲಾಗಿತ್ತು. ಆಮೇಲೆ ಅದನ್ನು ಹಿಡಿದಿಟ್ಟದ್ದು ಇಸ್ರೇಲಿನ ಕಡಲಿಗೂ ಚಾಚಿಕೊಂಡ ನಿಕ್ಷೇಪದ ಪಾಲಿನ ವಾದ, ಕಂಪನಿಗಳ ಕೈಬದಲಾವಣೆ, ಅಭಿವೃದ್ಧಿ ಯೋಜನೆಯ ಬಗ್ಗೆ ಸರ್ಕಾರಕ್ಕೂ ಕಂಪನಿಗಳಿಗೂ ನಡೆದ ಹಗ್ಗಜಗ್ಗಾಟ.

ಅದೇ 2011ರ ಜುಲೈ 11ರ ನಸುಕನ್ನು ನೆನೆಯದೆ ಈ ಕಥೆಯನ್ನು ಹೇಳಲಾಗದು. ಮಾರಿ ಎಂಬಲ್ಲಿನ ನೌಕಾನೆಲೆಯಲ್ಲಿ, ಜಪ್ತಿ ಮಾಡಿದ್ದ ಮದ್ದುಗುಂಡು ತುಂಬಿದ 98 ಕಂಟೇನರುಗಳನ್ನು ಎರಡು ವರ್ಷಕ್ಕೂ ಮೀರಿ ಬಯಲಿನಲ್ಲಿ, ಬೇಸಿಗೆಯ ಬಿಸಿಲಿಗೆ ಒಡ್ಡಿ ಪೇರಿಸಿಟ್ಟಿದ್ದರು. ಅವು ಸಿಡಿದು 13 ಜನ ಸತ್ತರು. ಪಕ್ಕದಲ್ಲಿದ್ದ ವಾಸಿಲಿಕೋಸ್ ವಿದ್ಯುತ್ ಸ್ಥಾವರ, ದ್ವೀಪಕ್ಕೆ ಸುಮಾರು ಅರ್ಧದಷ್ಟು ವಿದ್ಯುತ್ ಕೊಡುತ್ತಿದ್ದ ಸ್ಥಾವರ, ಜಖಂಗೊಂಡು ನಿಂತುಹೋಯಿತು. ಉರಿಬಿಸಿಲಿನಲ್ಲಿ ಪಾಳಿಯ ಪ್ರಕಾರ ಕರೆಂಟು ತೆಗೆದರು. ಆಗ ವಿದ್ಯುತ್ ಕೊಟ್ಟವರು ಯಾರು ಬಲ್ಲಿರಾ? 1974ರಲ್ಲಿ ಟರ್ಕಿಯ ಸೇನೆ ಬಂದು ದ್ವೀಪ ಇಬ್ಭಾಗವಾದಾಗಿನಿಂದ ತಂತಿಬೇಲಿಯ ಆಚೆ ಉಳಿದಿದ್ದ ಉತ್ತರದ ತುರ್ಕಿ ಸೈಪ್ರಿಯಟರು. ಭಾಷಣಗಳು ಹೊಲಿಯಲಾರದ ಗಡಿಯನ್ನು ಆ ವಿದ್ಯುತ್ ದಾಟಿ ಬಂತು. ಇದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಕಡಲಡಿಯ ಅನಿಲ ಮೊದಲು ಉರಿಯಬೇಕಾದದ್ದು ಆ ವಾಸಿಲಿಕೋಸ್‌ನಲ್ಲೇ ಎಂಬ ನನ್ನ ಹಟಕ್ಕೂ ಅದೇ ಕಾರಣ.

ಆದರೆ ನಡೆದದ್ದೇನು? ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರು. 2013ರ ಮಾರ್ಚಿನಲ್ಲಿ ಬ್ಯಾಂಕುಗಳು ಕುಸಿದಾಗ ದೇಶದ ಹಣಕಾಸು ಸಚಿವರು ಮಾಸ್ಕೋಗೆ ಹೋಗಿ, ಇನ್ನೂ ನೀರಿನಡಿಯಲ್ಲೇ ಇದ್ದ ಅನಿಲದ ಪಾಲನ್ನು ಮುಂದಿಟ್ಟು ನೆರವು ಕೇಳಿ, ಬರಿಗೈಯಲ್ಲಿ ಹಿಂದಿರುಗಿದರು. ಕಡೆಗೆ 10 ಶತಕೋಟಿ ಯೂರೊ ಸಾಲ ಬಂದದ್ದು, ಎರಡು ದೊಡ್ಡ ಬ್ಯಾಂಕುಗಳಲ್ಲಿ ಒಂದು ಲಕ್ಷ ಯೂರೊ ಮೀರಿದ ಠೇವಣಿಗಳಿಗೆ ಕತ್ತರಿ ಬಿದ್ದ ಮೇಲೆ. 2020ರ ಜನವರಿಯಲ್ಲಿ ಗ್ರೀಸ್, ಇಸ್ರೇಲ್, ಸೈಪ್ರಸ್ ಸೇರಿ ಯುರೋಪಿಗೆ ಅನಿಲ ಒಯ್ಯುವ ಸುಮಾರು 1,900 ಕಿಲೋಮೀಟರ್ ಉದ್ದದ ‘ಈಸ್ಟ್‌ಮೆಡ್’ ಕೊಳವೆಗೆ ಅಥೆನ್ಸಿನಲ್ಲಿ ಸಹಿ ಹಾಕಿದವು. ಎರಡೇ ವರ್ಷದಲ್ಲಿ ಅಮೆರಿಕ ಬೆಂಬಲ ಹಿಂತೆಗೆಯಿತು. ಕೊಳವೆ ಕಾಗದದಲ್ಲೇ ಉಳಿಯಿತು.

ನನ್ನ ದೂರು ಇಲ್ಲಿ ಸೈಪ್ರಸ್‌ಗಿಂತ ನಮ್ಮ ವೃತ್ತಿಯ ಮೇಲೇ ಹೆಚ್ಚು. ಲಕ್ಷ ಕೋಟಿ ಘನ ಅಡಿಗಳ ಅಂದಾಜನ್ನು ಬ್ಯಾಂಕಿನಲ್ಲಿರುವ ಹಣದಂತೆ ತಲೆಬರಹ ಮಾಡುವವರು ನಾವು. ಕಡಲಿನಲ್ಲಿ ಗೆರೆ ಎಳೆದು ಹಂಚಿದ 13 ಬ್ಲಾಕುಗಳ ನಕ್ಷೆಯನ್ನು ಬಣ್ಣದಲ್ಲಿ ಮುದ್ರಿಸುವವರೂ ನಾವೇ. ಆ ಅನಿಲವನ್ನು ದಡಕ್ಕೆ ತರಲು ಎಷ್ಟು ವರ್ಷ, ಎಷ್ಟು ಸಾಲ, ಎಂಥ ಖರೀದಿದಾರ ಬೇಕು ಎಂಬುದನ್ನು ಬರೆಯಲು ನಮಗೆ ಜಾಗ ಸಿಗುವುದಿಲ್ಲ. ನಿಮ್ಮ ‘ಕತಾರ್’ ಅಂಥ ತಲೆಬರಹಗಳಿಂದಲೇ ಬಂದದ್ದು. ಅದಕ್ಕೆ ನಿಮ್ಮನ್ನು ಹೇಗೆ ದೂರಲಿ?

ರಫ್ತಿನ ಪರವಾಗಿ ಹೇಳುವವರ ಮಾತಿನಲ್ಲೂ ಹುರುಳಿದೆ. ದ್ವೀಪ ವರ್ಷಕ್ಕೆ ಬಳಸಬಲ್ಲದ್ದು ಒಂದು ಶತಕೋಟಿ ಘನ ಮೀಟರಿಗಿಂತ ಕಡಿಮೆ. ಅಷ್ಟು ಸಣ್ಣ ಮಾರುಕಟ್ಟೆಯನ್ನು ನಂಬಿ ಯಾವ ಕಂಪನಿಯೂ ಸುಮಾರು 1,700 ಮೀಟರ್ ಆಳದ ನೀರಿನಲ್ಲಿ ಹಣ ಹೂಡದು. ಒಪ್ಪುತ್ತೇನೆ. ಆದರೆ ಟ್ರಿನಿಡಾಡ್ ಮತ್ತು ಟೊಬಾಗೊ ಎಂಬ ಇನ್ನೊಂದು ದ್ವೀಪದೇಶವನ್ನು ನೋಡಿ. ಸುಮ್ಮನೆ ಸುಟ್ಟುಹೋಗುತ್ತಿದ್ದ ಅನಿಲಕ್ಕೆ ಅಲ್ಲಿಯವರು 1975ರಲ್ಲಿ ಸರ್ಕಾರಿ ಕಂಪನಿ ಕಟ್ಟಿ, ಪಾಯಿಂಟ್ ಲಿಸಾಸ್‌ನಲ್ಲಿ ಅಮೋನಿಯ, ಮೆಥನಾಲ್ ಕಾರ್ಖಾನೆಗಳನ್ನು ಎಬ್ಬಿಸಿದರು. ದ್ರವೀಕರಿಸಿದ ಅನಿಲದ ಹಡಗು ಹೊರಟದ್ದು 1999ರಲ್ಲಿ, ಮನೆಯ ಒಲೆ ಹೊತ್ತಿದ ಎಷ್ಟೋ ವರ್ಷಗಳ ನಂತರ. ಈಗ ಅವರಲ್ಲಿ ಅನಿಲ ಇಳಿಮುಖವಾಗಿದೆ, ಕಷ್ಟವೂ ಇದೆ. ಆದರೂ 2007ರಲ್ಲಿ ರೂಪಿಸಿದ ಉಳಿತಾಯ ನಿಧಿಯೊಂದು ಕೈಯಲ್ಲಿದೆ.

ಸೈಪ್ರಸ್ ಮಾತ್ರ ಇಂದಿಗೂ ಬಹುಪಾಲು ವಿದ್ಯುತ್ತನ್ನು ಆಮದು ಮಾಡಿದ ತೈಲ ಸುಟ್ಟು ಪಡೆಯುತ್ತಿದೆ. ಅದರ ಹೊಗೆಗೆ ಯುರೋಪಿನ ಇಂಗಾಲದ ಶುಲ್ಕವನ್ನೂ ತೆರುತ್ತಿದೆ. ಆ ಭಾರ ಕಡೆಗೆ ಮನೆಮನೆಯ ಬಿಲ್ಲಿಗೆ ಬೀಳುತ್ತದೆ. 2025ರ ಫೆಬ್ರವರಿಯಲ್ಲಿ ಈಜಿಪ್ಟಿನೊಡನೆ ಆದ ಒಪ್ಪಂದಗಳ ಪ್ರಕಾರ ಸೈಪ್ರಸ್ ಕಡಲಿನ ಅನಿಲ ಈಜಿಪ್ಟಿಗೆ ಹೋಗಬೇಕು. ‘ಕ್ರೋನೋಸ್’ ನಿಕ್ಷೇಪದ ಅನಿಲ ಅಲ್ಲಿನ ದಮಿಯೆಟ್ಟಾದಲ್ಲಿ ದ್ರವವಾಗಿ, ಹಡಗು ಹತ್ತಿ ಯುರೋಪಿಗೆ ಹೊರಡಲಿದೆ. ಇತ್ತ ವಾಸಿಲಿಕೋಸ್‌ನಲ್ಲಿ ಹೊರದೇಶದ ಅನಿಲವನ್ನು ಇಳಿಸಿಕೊಳ್ಳಲೆಂದು ಶುರು ಮಾಡಿದ ಹಡಗುಕಟ್ಟೆಯ ಗುತ್ತಿಗೆ 2024ರ ಜುಲೈನಲ್ಲಿ ಜಗಳದಲ್ಲಿ ಮುರಿದುಬಿತ್ತು. ಆ ಕಟ್ಟೆ ಎಂದಾದರೂ ಮುಗಿದರೆ, ತಮ್ಮದೇ ಕಡಲಿನಿಂದ ಹೊರಟ ಅನಿಲ ಈಜಿಪ್ಟನ್ನು ಸುತ್ತಿ, ಹಡಗಿನ ಬಾಡಿಗೆ ಹೊತ್ತು, ತಮ್ಮದೇ ದಡಕ್ಕೆ ಬಂದಿಳಿಯುವುದನ್ನು ಅಲ್ಲಿಯ ಜನ ನೋಡಬೇಕಾದೀತು.