ನಿಮ್ಮ ಮಾಂತ್ರಿಕ ಮೊದಲು ಯಾರನ್ನು ಮಲಗಿಸಿದ?

ನಮಸ್ಕಾರ. ದಾಳ ಉರುಳಿಸಿ ಪಾತ್ರಗಳಾಗಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಬಗ್ಗೆ ಬೀದರಿನಿಂದ ನೀವು ಕಳಿಸಿದ ‘ಒಂದನೇ ಲೆವೆಲ್ಲಿನ ಮಾಂತ್ರಿಕನೂ ಹುಲಿಯೇ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ನಿಮ್ಮ ವಾದ ಸರಿ, ಲೆಕ್ಕ ತಪ್ಪು.

ನಿಮ್ಮ ಮಾಂತ್ರಿಕ ನಾಲ್ಕೂ ಪಾಳಿಯಲ್ಲಿ ಫೈರ್ ಬೋಲ್ಟ್ ಎಂಬ ಬೆಂಕಿಯ ಮಂತ್ರ ಹೊಡೆಯುತ್ತಾನೆ. ‘ಬಿಲ್ಲುಗಾರನಿಗಿಂತ ಏನು ಕಡಿಮೆ’ ಎನ್ನುತ್ತೀರಿ. ಕಡಿಮೆಯೇ. ಅದರ ಪೆಟ್ಟು ಹತ್ತು ಮುಖದ ಒಂದು ದಾಳ, ಸರಾಸರಿ 5.5; ಡೆಕ್ಸ್ಟೆರಿಟಿ (ಚುರುಕುತನ) +3 ಇರುವವನ ಲಾಂಗ್‌ಬೋ (ಉದ್ದ ಬಿಲ್ಲು) ತಾಗಿದರೆ 7.5. ಮಾಂತ್ರಿಕನ ಬಂಡವಾಳ ಬೇರೆ: ದಿನಕ್ಕೆ ಎರಡು ಸ್ಲಾಟ್ (ದೊಡ್ಡ ಮಂತ್ರ ಹಾಕುವ ಅವಕಾಶ), ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಆದ ಮೇಲೆ ಆರ್ಕೇನ್ ರಿಕವರಿ ಎಂಬ ಶಕ್ತಿಯಿಂದ ಇನ್ನೊಂದು. ಈ ಮೂರನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದೇ ಲೇಖನವಾಗಬೇಕಿತ್ತು. ನೀವು ಅದಕ್ಕೆ ಒಂದೂವರೆ ಸಾಲು ಕೊಟ್ಟಿದ್ದೀರಿ.

ನೌಬಾದಿನ ಸುರಂಗ ಬಾವಿಯನ್ನು ಡಂಜನ್ (ಆಟದ ನೆಲದಡಿಯ ಕಾಳಗದ ತಾಣ) ಮಾಡಿದ್ದಕ್ಕೆ ಮಾತ್ರ ಭಲೆ. ನೆಲದಡಿಯ ಕಾಲುವೆ, ಮೇಲಿಂದ ಸಾಲಾಗಿ ಇಳಿಯುವ ಬಾವಿಗಳು. ನಕ್ಷೆ ಹೊಸದಾಗಿ ಬರೆಯುವ ಕೆಲಸವೇ ಇಲ್ಲ. ಆದರೆ ಅಲ್ಲಿ ಸ್ಲೀಪ್ ಎಂಬ ನಿದ್ದೆಯ ಮಂತ್ರ ಒಂದೇ ಸಲ ಹಾಕಿಸಿ ಐದು ಗಾಬ್ಲಿನ್ (ಕುಳ್ಳ ರಕ್ಕಸ) ಮಲಗಿಸಿದ್ದೀರಿ. ಆಟದ 2014ರ ನಿಯಮದಲ್ಲಿ ಸ್ಲೀಪ್‌ಗೆ ಎಂಟು ಮುಖದ ಐದು ದಾಳ, ಸರಾಸರಿ 22.5; ಒಟ್ಟು ಅಷ್ಟು ಹಿಟ್ ಪಾಯಿಂಟ್‌ನಷ್ಟು (ಉಳಿದ ಜೀವದ ಅಂಕ) ಜನ ಮಲಗುತ್ತಾರೆ. ಗಾಬ್ಲಿನ್ ಒಂದಕ್ಕೆ 7 ಹಿಟ್ ಪಾಯಿಂಟ್, ಅಂದರೆ ಮಲಗುವುದು ಮೂರು. ಬಿಲ್ಲುಗಾರ ಮೊದಲು ಎರಡನ್ನು ಗಾಯಗೊಳಿಸಿ 3ಕ್ಕೆ ಇಳಿಸಿದ್ದರೆ 3, 3, 7, 7 ಸೇರಿ 20. ಆಗ ನಾಲ್ಕು ಮಲಗುತ್ತವೆ. ಮಂತ್ರ ಎರಡನೇ ಪಾಳಿಗೆ ಕಾಯಬೇಕಾದದ್ದು ಇದಕ್ಕೇ.

ಇನ್ನೂ ದೊಡ್ಡ ಎಡವಟ್ಟಿದೆ. ಸ್ಲೀಪ್‌ಗೆ ನಮ್ಮವರು, ಅವರು ಎಂಬ ಭೇದವಿಲ್ಲ. ಕಡಿಮೆ ಹಿಟ್ ಪಾಯಿಂಟ್ ಉಳಿದವರಿಂದ ಶುರು. ನಿಮ್ಮ ಯೋಧನಿಗೆ ಉಳಿದಿರುವುದು 4, ಎದುರಿಗೆ ಗಾಯವಿಲ್ಲದ ಗಾಬ್ಲಿನ್‌ಗಳು. ಮೊದಲ ಗೊರಕೆ ಅವನದೇ! ಮಂತ್ರದ ವ್ಯಾಪ್ತಿ ಸುತ್ತ 20 ಅಡಿ, ಸುರಂಗದ ಉದ್ದಕ್ಕೆ 40. ಆದ್ದರಿಂದ ಅದರ ಕೇಂದ್ರವನ್ನು ಯೋಧನಿಂದ 25 ಅಡಿ ಆಚೆ ಇಡಿಸಿ. ಅವನೆದುರು 5 ಅಡಿಯಲ್ಲಿ ನಿಂತ ಗಾಬ್ಲಿನ್ ಒಳಗೆ ಬರುತ್ತದೆ, ಅವನು ಹೊರಗುಳಿಯುತ್ತಾನೆ. ಮಂತ್ರ 90 ಅಡಿ ಮುಟ್ಟುತ್ತದೆ, ಜಾಗಕ್ಕೆ ಕೊರತೆಯಿಲ್ಲ.

ಮುಂದೆ ಅಸ್ಥಿಪಂಜರಗಳಿಗೂ ಸ್ಲೀಪ್ ಹಾಕಿಸಿದ್ದೀರಿ. ಅನ್‌ಡೆಡ್‌ಗಳಿಗೆ, ಅಂದರೆ ಸತ್ತೂ ಓಡಾಡುವವಕ್ಕೆ, ಅದು ತಾಗುವುದಿಲ್ಲ. ಕೊನೆಯ ಕಾಳಗದಲ್ಲಿ ಕೇಳಿದ ವಿಸ್ಡಮ್ ಸೇವ್ (ಮಂತ್ರದಿಂದ ಪಾರಾಗಲು ಉರುಳಿಸುವ ದಾಳ) 2024ರ ನಿಯಮದ್ದು. ಅಲ್ಲಿ ಐದು ದಾಳವೂ ಇಲ್ಲ, ವ್ಯಾಪ್ತಿ ಬರೀ 5 ಅಡಿ. ಒಂದು ಆವೃತ್ತಿ ಹಿಡಿದು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ.

ಫೈಂಡ್ ಫೆಮಿಲಿಯರ್, ಅಂದರೆ ಪ್ರಾಣಿರೂಪದ ಸಂಗಾತಿಯನ್ನು ಕರೆಸುವ ಮಂತ್ರ, ಬಿಟ್ಟದ್ದೇಕೆ? ಅದಕ್ಕೆ ಬೇಕಾದದ್ದು ಹತ್ತು ಚಿನ್ನದ ನಾಣ್ಯದಷ್ಟು ಇದ್ದಿಲು, ಧೂಪ, ಗಿಡಮೂಲಿಕೆ. ರಿಚುವಲ್ (ನಿಧಾನದ ವಿಧಿ) ಆಗಿ ಮಾಡಿದರೆ ಒಂದು ಗಂಟೆ ಹತ್ತು ನಿಮಿಷ, ಸ್ಲಾಟ್ ಖರ್ಚಾಗುವುದಿಲ್ಲ. ಬಾವಿಯ ಬಾಯಿಂದ ಬಾವಲಿ ಇಳಿಸಿ. 100 ಅಡಿಯೊಳಗೆ ಅದರ ಕಣ್ಣು, ಕಿವಿ ಮಾಂತ್ರಿಕನವು. ಅಷ್ಟು ಹೊತ್ತು ಅವನ ಸ್ವಂತ ಕಣ್ಣು, ಕಿವಿ ಬಂದ್. ಆಗ ಯಾರಾದರೂ ಪಕ್ಕದಲ್ಲಿ ಕಾವಲಿರಬೇಕು. ನಿಮ್ಮ ಯೋಧನಿಗೂ ಒಂದು ಕೆಲಸ ಸಿಕ್ಕಿತು.

‘ಅಪ್ಪಟ ಬೆಳ್ಳಿಯ ಬಿದರಿ ದಂಡ’ ತೆಗೆಯಿರಿ. ಬಿದರಿ ಎಂದರೆ ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬಳಸಿ ಕಪ್ಪು ಮಾಡಿದ್ದು. ಬೀದರಿನವರೇ ಹೀಗೆ ಬರೆದರೆ ಹೇಗೆ? ಆಟಗಾರರು ಮೇಜಿನ ಸುತ್ತ ಕೂತು ‘ನಿಲ್ಲು, ಎಲೈ ದುಷ್ಟನೇ’ ಅನ್ನುವುದೂ ಬೇಡ. ‘ಏ ತಡಿಲೇ, ನನ್ನ ಪಾಳಿ ಅದ’ ಸಾಕು.

ಸುರಂಗದ ಕಾಳಗವೊಂದನ್ನೇ ಇಟ್ಟುಕೊಂಡು, ಪಾಳಿಗೊಂದು ಪ್ಯಾರಾದಂತೆ, ಯಾರಿಗೆ ಎಷ್ಟು ಹಿಟ್ ಪಾಯಿಂಟ್ ಉಳಿಯಿತು ಎಂಬ ಲೆಕ್ಕದ ಜೊತೆ ಮತ್ತೆ ಬರೆದು ಕಳಿಸಿ.