ಲೇಸರ್‌ನಿಂದ ಕೂದಲಿನ ದಪ್ಪ ಅಳೆದರೆ ಉತ್ತರ ಅರ್ಧವೇ ಬರುತ್ತಿದೆ, ಏಕೆ? ನೆರಳು ಬೀಳುವ ಬದಲು ಚುಕ್ಕೆಗಳ ಸಾಲು ಮೂಡುವುದೇಕೆ?

ಲೇಸರ್ ಕಿರಣಕ್ಕೆ ಕೂದಲನ್ನು ಅಡ್ಡ ಹಿಡಿದು, ಗೋಡೆಯ ಮೇಲೆ ಮೂಡುವ ಪಟ್ಟೆಗಳಿಂದ ಅದರ ದಪ್ಪ ಲೆಕ್ಕ ಹಾಕಿದ್ದೀರಿ: ದಪ್ಪ = ತರಂಗಾಂತರ (ಬೆಳಕಿನ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿನ ದೂರ) × ಗೋಡೆಯ ದೂರ ÷ ಪಟ್ಟೆಯ ಅಳತೆ. ನಿಮ್ಮ ಸೂತ್ರ ಸರಿಯಿದೆ, ತಪ್ಪಿರುವುದು ಅಳೆದ ಜಾಗ. 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್, ಗೋಡೆಗೆ 2 ಮೀಟರ್, ನಡುವಿನ ಬೆಳಕಿನ ಪಟ್ಟೆ 3.25 ಸೆಂ.ಮೀ., ಉತ್ತರ 40 ಮೈಕ್ರೋಮೀಟರ್ ಎಂದು ಬರೆದಿದ್ದೀರಿ. ಆ ನಡುಪಟ್ಟೆ ಎಡಗಡೆಯ ಮೊದಲ ಕಪ್ಪು ಗೆರೆಯಿಂದ ಬಲಗಡೆಯ ಮೊದಲ ಕಪ್ಪು ಗೆರೆಯವರೆಗೆ ಚಾಚಿಕೊಂಡಿರುತ್ತದೆ, ಪಕ್ಕದ ಪಟ್ಟೆಗಳ ಎರಡರಷ್ಟು ಅಗಲ. ಸೂತ್ರಕ್ಕೆ ಬೇಕಾದದ್ದು ಮಧ್ಯದಿಂದ ಒಂದು ಬದಿಯ ಮೊದಲ ಕಪ್ಪು ಗೆರೆಗಿರುವ ದೂರ, ಅಂದರೆ ಅದರ ಅರ್ಧ. ಹಾಗೆ ಹಾಕಿದರೆ 80 ಮೈಕ್ರೋಮೀಟರ್ ಬರುತ್ತದೆ. ತಲೆಗೂದಲು ಸಾಮಾನ್ಯವಾಗಿ 50ರಿಂದ 100ರ ಆಸುಪಾಸು ಇರುವುದರಿಂದ ಇದು ನಂಬುವಂಥ ಸಂಖ್ಯೆ.

ಇನ್ನು ನೆರಳಿನ ವಿಷಯ. ಮೊದಲು ಕೂದಲಿನಷ್ಟೇ ಅಗಲದ ಒಂದು ಸೀಳುಗಂಡಿಯನ್ನು ಯೋಚಿಸಿ. ಅದರ ಎರಡು ಅಂಚುಗಳಿಂದ ಹೊರಟ ಬೆಳಕಿಗೆ ಸರಿಯಾಗಿ ಒಂದು ತರಂಗಾಂತರದಷ್ಟು ದಾರಿ ವ್ಯತ್ಯಾಸ ಬರುವ ದಿಕ್ಕನ್ನು ನೋಡಿ. ಗಂಡಿಯನ್ನು ಎರಡು ಅರ್ಧಗಳಾಗಿ ಭಾಗಿಸಿದರೆ, ಒಂದು ಅರ್ಧದ ಪ್ರತಿ ಬಿಂದುವಿಗೂ ಇನ್ನೊಂದು ಅರ್ಧದಲ್ಲಿ ಅರ್ಧ ತರಂಗಾಂತರ ಹಿಂದುಳಿದ ಜೊತೆಗಾರ ಬಿಂದು ಸಿಗುತ್ತದೆ. ಎರಡರ ಉಬ್ಬು ತಗ್ಗುಗಳು ಹೊಡೆದುಹೋಗಿ ಅಲ್ಲಿ ಕತ್ತಲೆ. ಜೋಡಿ ಸೀಳುಗಂಡಿಯ ಪಾಠ ಓದಿದವರು ಎಡವುವುದು ಇಲ್ಲೇ: ಅಲ್ಲಿ ಒಂದು ತರಂಗಾಂತರದ ವ್ಯತ್ಯಾಸಕ್ಕೆ ಬೆಳಕು, ಇಲ್ಲಿ ಅಷ್ಟೇ ವ್ಯತ್ಯಾಸಕ್ಕೆ ಕತ್ತಲೆ.

ಕೂದಲು ಗಂಡಿಯಲ್ಲವಲ್ಲ ಎಂದರೆ, ಅದಕ್ಕೆ ಫ್ರಾನ್ಸಿನ ಭೌತವಿಜ್ಞಾನಿ ಬಾಬಿನೆಯ 1837ರ ತತ್ವವಿದೆ. ಕೂದಲಿಲ್ಲದಿದ್ದಾಗ ಲೇಸರ್ ಚುಕ್ಕೆಯ ಆಚೀಚೆ ಗೋಡೆ ಕತ್ತಲೆಯೇ. ಕೂದಲನ್ನು ದಾಟಿ ಬಂದ ತರಂಗ, ಅದೇ ಅಗಲದ ಗಂಡಿಯಿಂದ ಬರಬಹುದಾಗಿದ್ದ ತರಂಗ, ಇವೆರಡನ್ನೂ ಕೂಡಿದರೆ ಅಡ್ಡಿಯಿಲ್ಲದ ಕಿರಣವೇ ಸಿಗಬೇಕು. ಆಚೀಚೆ ಅದರ ಬೆಲೆ ಸೊನ್ನೆ. ಹಾಗಾಗಿ ಅಲ್ಲಿ ಎರಡೂ ತರಂಗಗಳ ಗಾತ್ರ ಒಂದೇ, ಚಿಹ್ನೆ ಮಾತ್ರ ವಿರುದ್ಧ. ಕಣ್ಣಿಗೆ ಕಾಣುವುದು ತೀವ್ರತೆಯಾದ್ದರಿಂದ ಪಟ್ಟೆಗಳು ಒಂದೇ ಥರ. ಕೂದಲು ತೆಳುವಾದಷ್ಟೂ ಸಾಲು ಅಗಲವಾಗುತ್ತದೆ. ಬೆಳಕು ಬರೀ ನೇರ ಹಾರುವ ಕಣವಾಗಿದ್ದರೆ ತದ್ವಿರುದ್ಧ ಆಗಬೇಕಿತ್ತು. 1803ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಇಂಚಿನ ಮೂವತ್ತನೇ ಒಂದು ಭಾಗ ಅಗಲದ ಕಾರ್ಡಿನ ತುಂಡನ್ನು ಬಿಸಿಲಕಿರಣಕ್ಕೆ ಹಿಡಿದು, ಒಂದು ಅಂಚಿನ ಬೆಳಕನ್ನು ತಡೆದ ಕೂಡಲೇ ನೆರಳಿನೊಳಗಿನ ಪಟ್ಟೆಗಳು ಮಾಯವಾಗುವುದನ್ನು ತೋರಿಸಿದ್ದ. ಎರಡೂ ಬದಿಯ ಬೆಳಕು ಸೇರಿದರೆ ಮಾತ್ರ ಆ ಪಟ್ಟೆ.

ಕೂದಲಿನ ಪ್ರಯೋಗದಲ್ಲಿ ತಡೆಯಿಲ್ಲದ ನೇರ ಕಿರಣವೂ ಗೋಡೆ ಮುಟ್ಟುತ್ತದೆ. ಅದರ ಝಗಮಗಕ್ಕೆ ಮೊದಲ ಕಪ್ಪು ಗೆರೆ ಮಸುಕಾಗುತ್ತದೆ, ಅದನ್ನು ನೆಚ್ಚಬೇಡಿ. ಗೋಡೆಗೆ ಬಿಳಿ ಹಾಳೆ ಅಂಟಿಸಿ, ಕೋಣೆ ಕತ್ತಲೆ ಮಾಡಿ, ಎಡದ ಮೂರನೇ ಕಪ್ಪು ಗೆರೆಗೂ ಬಲದ ಮೂರನೆಯದಕ್ಕೂ ಪೆನ್ಸಿಲ್ ಗುರುತು ಹಾಕಿ. ದಪ್ಪ = 6 × ತರಂಗಾಂತರ × ದೂರ ÷ ಗುರುತುಗಳ ಅಂತರ. ನಿಮ್ಮ ಕೂದಲಿಗೆ ಈ ಅಂತರ ಸುಮಾರು 9.75 ಸೆಂ.ಮೀ. ಬರಬೇಕು, ಅಷ್ಟರಲ್ಲಿ ಒಂದು ಮಿ.ಮೀ. ಹೆಚ್ಚುಕಮ್ಮಿಯಾದರೂ ದೋಷ ಶೇ. 1 ಮಾತ್ರ. ಬೆಳಕಿನ ಚುಕ್ಕೆಗಳ ನಡುಭಾಗ ಹಿಡಿದು ಅಳೆಯಬೇಡಿ. ಮಧ್ಯದಿಂದ ಮೊದಲ ಕಪ್ಪು ಗೆರೆಯ ದೂರವನ್ನು 1 ಎಂದುಕೊಂಡರೆ, ಪಕ್ಕದ ಮೊದಲ ಚುಕ್ಕೆಯ ಶಿಖರ 1.5ರಲ್ಲಿ ಅಲ್ಲ, 1.43ರಲ್ಲಿದೆ.

ಕೂದಲನ್ನು ರಟ್ಟಿನ ಚೌಕಟ್ಟಿಗೆ ಬಿಗಿಯಾಗಿ ಟೇಪ್ ಮಾಡಿ ಲಂಬವಾಗಿ ನಿಲ್ಲಿಸಿ, ಪಟ್ಟೆಗಳು ಅಡ್ಡಕ್ಕೆ ಬರುತ್ತವೆ. ಲೇಸರ್ ಗುಂಡಿಯನ್ನು ಬಟ್ಟೆ ಕ್ಲಿಪ್ಪಿನಿಂದ ಒತ್ತಿಹಿಡಿಯಿರಿ. ಕೈಯಲ್ಲಿ ಹಿಡಿದರೆ ನಡುಕಕ್ಕೆ ಗೆರೆಗಳು ಕಲಸಿಹೋಗುತ್ತವೆ. ದೂರವನ್ನು ಕೂದಲಿನಿಂದ ಗೋಡೆಗೆ ಅಳೆಯಬೇಕು, ಲೇಸರ್‌ನಿಂದಲ್ಲ. ಮಧ್ಯದಿಂದ ಎಡಬಲದ ಮೂರನೇ ಗೆರೆಗಳ ದೂರ ಸಮ ಇಲ್ಲದಿದ್ದರೆ ಕಿರಣ ಗೋಡೆಗೆ ಓರೆಯಾಗಿ ಬೀಳುತ್ತಿದೆ ಎಂದರ್ಥ. ಕಿರಣವನ್ನು ಕಣ್ಣಿನ ಎತ್ತರದಲ್ಲಿ ಎಂದಿಗೂ ಇಡಬೇಡಿ.

ಉಳಿಯುವ ದೊಡ್ಡ ದೋಷ ತರಂಗಾಂತರದ್ದು. ಅಗ್ಗದ ಪಾಯಿಂಟರ್ ಚೀಟಿಯಲ್ಲಿ 630ರಿಂದ 680 ನ್ಯಾನೋಮೀಟರ್ ಎಂದಷ್ಟೇ ಇರುತ್ತದೆ. ಸಿ.ಡಿ. ಇಟ್ಟು ಸರಿಪಡಿಸಿಕೊಳ್ಳಿ ಎಂದು ಹಲವರು ಹೇಳುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ: ಸಿ.ಡಿ.ಯ ಗೆರೆಗಳ ಅಂತರ ಕೆಲವದರಲ್ಲಿ 1.6, ಹೆಚ್ಚು ಹಿಡಿಸುವವುಗಳಲ್ಲಿ 1.5 ಮೈಕ್ರೋಮೀಟರ್. ಕಾಲೇಜಿನ ಪ್ರಯೋಗಾಲಯದಲ್ಲಿ ಇಂಚಿಗೆ 15,000 ಗೆರೆಗಳ ಗ್ರೇಟಿಂಗ್ (ಸಮಾನ ಅಂತರದ ಸೂಕ್ಷ್ಮ ಗೆರೆಗಳಿರುವ ಫಲಕ) ಸಿಗುತ್ತದೆ, ಅದನ್ನು ಬಳಸಿ. 1 ಮೀಟರ್ ದೂರದಲ್ಲಿ ಮೊದಲ ಚುಕ್ಕೆ ಮಧ್ಯದಿಂದ 41.6 ಸೆಂ.ಮೀ.ಗೆ ಬಿದ್ದರೆ ತರಂಗಾಂತರ 650. ಇಲ್ಲಿ ಕೋನ 22 ಡಿಗ್ರಿ ದಾಟುವುದರಿಂದ ಟ್ಯಾನ್‌ನಿಂದ ಕೋನ ಹುಡುಕಿ, ಆಮೇಲೆ ಅದರ ಸೈನ್ ಅನ್ನು ಗೆರೆಗಳ ಅಂತರದಿಂದ ಗುಣಿಸಬೇಕು. ಕೂದಲಿಗೆ ಮಾಡಿದಂತೆ ನೇರ ಭಾಗಿಸಿದರೆ 704 ಬರುತ್ತದೆ.

ತಿರುಪಿನಿಂದ ದಪ್ಪ ಅಳೆಯುವ ಸ್ಕ್ರೂ ಗೇಜ್‌ನಿಂದ ತಾಳೆ ನೋಡುವುದಾದರೆ ಕೂದಲು ಬೇಡ, ಗೇಜಿನ ಕನಿಷ್ಠ ಅಳತೆ 0.01 ಮಿ.ಮೀ. ಎಂದರೆ ಇಲ್ಲಿ ಶೇ. 12ರಷ್ಟಾಯಿತು. ವಯರಿನೊಳಗಿನ 0.2 ಮಿ.ಮೀ. ತಾಮ್ರದ ಎಳೆ ತೆಗೆದುಕೊಳ್ಳಿ. ಕೂದಲನ್ನೇ ಅದರ ಅಕ್ಷದ ಸುತ್ತ ತಿರುಗಿಸಿ ಅಳೆದಾಗ ಬೇರೆ ಬೇರೆ ಉತ್ತರ ಬಂದರೆ ಗಾಬರಿಯಾಗಬೇಡಿ. ಕೂದಲಿನ ಅಡ್ಡಕೊಯ್ತ ಸಾಮಾನ್ಯವಾಗಿ ಪೂರ್ತಿ ದುಂಡಗಿರುವುದಿಲ್ಲ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬರೆದುಕೊಳ್ಳಿ.