ಪಾತ್ರವಿಲ್ಲದ ತಿಂಗಳುಗಳಲ್ಲಿ ನಟ ಏನು ಮಾಡಬೇಕು?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವನು, ವಯಸ್ಸು 29. ರಂಗಶಿಕ್ಷಣ ಮುಗಿಸಿ ರೆಪರ್ಟರಿಯೊಂದರಲ್ಲಿ (ಸಂಬಳದ ನಟರಿರುವ ನಾಟಕ ತಂಡ) ಇದ್ದೆ. ಆಮೇಲೆ ಬೆಂಗಳೂರಿನಲ್ಲಿ ಧಾರಾವಾಹಿಗಳ ಸಣ್ಣಪುಟ್ಟ ಪಾತ್ರ ಮಾಡಿದೆ. ಬಾಡಿಗೆ ಕಟ್ಟಲಾಗದೆ ಈಗ ಊರಿಗೆ ಮರಳಿದ್ದೇನೆ. ಸ್ವಲ್ಪ ಅಡಿಕೆ ತೋಟವಿದೆ. ಅದನ್ನೇ ನೋಡಿಕೊಂಡಿರು ಎಂದು ಅಪ್ಪ ಹೇಳುತ್ತಾರೆ. ಕರೆ ಬಂದರೆ ನಟಿಸುತ್ತೇನೆ, ಬರದಿದ್ದರೆ ತಿಂಗಳುಗಟ್ಟಲೆ ಸುಮ್ಮನಿರುತ್ತೇನೆ. ಊರಲ್ಲಿದ್ದುಕೊಂಡು ನಟನಾಗಿ ಬದುಕಲು ಸಾಧ್ಯವೇ?
— ಹೆಸರು ಬೇಡ, ಶಿರಸಿ

ಉತ್ತರ: ಸಾಧ್ಯವಿದೆ. ಆದರೆ ಕರೆ ಬಂದಾಗ ಮಾತ್ರ ನಟನಾಗಿರುವ ಈಗಿನ ಕ್ರಮದಲ್ಲಿ ಅದು ಹೆಚ್ಚು ಕಾಲ ನಡೆಯದು. ನಿಮ್ಮ ಪತ್ರದಲ್ಲಿ ಹಣದ ತಾಪತ್ರಯಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ‘ತಿಂಗಳುಗಟ್ಟಲೆ ಸುಮ್ಮನಿರುತ್ತೇನೆ’ ಎಂಬ ಮಾತು. ಪಾತ್ರ ಕೊಡುವುದು ಬೇರೆಯವರ ಕೈಯಲ್ಲಿದೆ, ನಿಜ; ದೇಹ, ದನಿ, ಓದುಗಳನ್ನು ಹದದಲ್ಲಿಟ್ಟುಕೊಳ್ಳಲು ಯಾರ ಕರೆಯೂ ಬೇಕಿಲ್ಲ. ಮೂರು ತಿಂಗಳು ಬಳಸದೆ ಬಿಟ್ಟ ದನಿ ಆಡಿಷನ್ನಿನ ದಿನ ಖಂಡಿತ ಕೈಕೊಡುತ್ತದೆ.

ಹಾಗಾಗಿ ಮುಂದಿನ ಪಾತ್ರ ಯಾವುದು ಎಂದು ಕಾಯುವುದನ್ನು ಬಿಟ್ಟು, ಇಡೀ ವರ್ಷವನ್ನು ಮುಂದಿಟ್ಟುಕೊಂಡು ಯೋಚಿಸಿ. ನಿಮ್ಮ ಜಿಲ್ಲೆಯ ಯಕ್ಷಗಾನ ಕಲಾವಿದರು ಇದನ್ನು ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಗೆಜ್ಜೆ ಕಟ್ಟಿ ಹೊರಟ ಮೇಳ ಮೇ ತಿಂಗಳಲ್ಲಿ ತಿರುಗಾಟ ಮುಗಿಸುತ್ತದೆ. ಮಳೆಗಾಲದಲ್ಲಿ ಅದೇ ಕಲಾವಿದರು, ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಕೂರುತ್ತಾರೆ, ಮಕ್ಕಳಿಗೆ ಹೆಜ್ಜೆ ಕಲಿಸುತ್ತಾರೆ, ಗದ್ದೆ ತೋಟ ನೋಡಿಕೊಳ್ಳುತ್ತಾರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳ ಇಂದಿಗೂ ನಡೆಯುತ್ತಿದೆ, ಮತ್ತು ಹೊನ್ನಾವರದ ಬಳಿಯ ಗುಣವಂತೆಯಲ್ಲಿ ಅದರ ಜೊತೆಗೇ ಕಲಿಕೆಯ ಕೇಂದ್ರವೂ ಬೆಳೆದಿದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, 1949ರಲ್ಲಿ ಹುಟ್ಟಿದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ತನ್ನ ‘ತಿರುಗಾಟ’ವನ್ನು ಆರಂಭಿಸಿದಾಗ ಆ ಹೆಸರನ್ನೇ ಆರಿಸಿಕೊಂಡಿತು. ಆಡುವ ಕಾಲ, ಕಲಿಯುವ ಕಾಲ ಎರಡೂ ವೃತ್ತಿಯ ಭಾಗವೇ ಎಂಬುದನ್ನು ಒಪ್ಪಿಕೊಂಡ ಸಂಸ್ಥೆಗಳು ಇವು.

ಮಳೆಗಾಲದಲ್ಲಿ ತಾಳಮದ್ದಳೆಗೆ ಹೋಗಿ, ಮೊದಲು ಕೇಳಲು, ಆಮೇಲೆ ಒಂದು ಸಣ್ಣ ಅರ್ಥ ಹೇಳಲು, ಅಂದರೆ ಪಾತ್ರವಾಗಿ ಮಾತಾಡಲು. ಬರೆದ ಸಂಭಾಷಣೆಯನ್ನು ಬಾಯಿಪಾಠ ಮಾಡಿ ಬೆಳೆದ ನಟನಿಗೆ ಇದಕ್ಕಿಂತ ಕಠಿಣವಾದ ಸಾಧನೆ ನನಗೆ ತಿಳಿದಿಲ್ಲ. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಎದುರಿನ ಅರ್ಥಧಾರಿ ಇಂದು ಯಾವ ದಿಕ್ಕಿನಿಂದ ಎತ್ತುತ್ತಾರೆ ಎಂಬುದು ರಾಮನಾಗಿ ಕುಳಿತವನಿಗೆ ಗೊತ್ತಿರುವುದಿಲ್ಲ. ವೇಷವಿಲ್ಲ, ಬೆಳಕಿಲ್ಲ, ಏಳುವಂತಿಲ್ಲ. ಹಾಡುವ ಭಾಗವತರ ಪದ್ಯದ ಭಾವವನ್ನು ಬಿಡದೆ, ಎದುರಿನವರ ಕೊನೆಯ ವಾಕ್ಯದ ಎಳೆಯನ್ನು ಹಿಡಿದು ಆಗಿಂದಾಗಲೇ ಮಾತು ಕಟ್ಟಬೇಕು. ಸಹನಟನ ಮಾತು ಮುಗಿಯುವುದನ್ನಷ್ಟೇ ಕಾಯುತ್ತಾ ನಿಲ್ಲುವ ಕೆಟ್ಟ ಚಾಳಿ, ಧಾರಾವಾಹಿಯ ಅವಸರದಲ್ಲಿ ಎಂಥವರಿಗೂ ಅಂಟಿಕೊಳ್ಳುವಂಥದ್ದು, ಇಲ್ಲಿ ತಾನಾಗಿ ಕಳಚುತ್ತದೆ. ಇದರ ಜೊತೆಗೆ ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿ, ನೀರು ಚೆನ್ನಾಗಿ ಕುಡಿಯಿರಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯವನ್ನೇ ನಂಬಿ ಕೂರದೆ ಗಂಟಲಿನ ತಜ್ಞರಿಗೆ ತೋರಿಸಿ.

ತೋಟವನ್ನು ನಟನೆಯ ವೈರಿ ಎಂದು ನೋಡಬೇಡಿ. ನಟನಾಗಬಯಸುವ ಎಷ್ಟೋ ಜನರಿಗೆ ಅಂಥ ಆಸರೆಯೇ ಇಲ್ಲ. ತೊಡಕಿರುವುದು ಕಾಲದಲ್ಲಿ: ಕೊನೆಕೊಯ್ಲು (ಅಡಿಕೆ ಗೊನೆಗಳ ಕೊಯ್ಲು), ಅಡಿಕೆ ಸುಲಿತ, ಒಣಗಿಸುವ ಕೆಲಸ ನಡೆಯುವ ನವೆಂಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳಲ್ಲೇ ನಾಟಕಗಳೂ ಶಾಲೆಗಳ ವಾರ್ಷಿಕೋತ್ಸವಗಳೂ ಬರುತ್ತವೆ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಗುವ ದಿನ ಮತ್ತು ಪ್ರದರ್ಶನದ ದಿನ ಒಂದೇ ಆದರೆ ಮನೆಯಲ್ಲಿ ಜಗಳ ಖಚಿತ. ಆದ್ದರಿಂದ ಆ ನಾಲ್ಕು ತಿಂಗಳಲ್ಲಿ ಒಂದೇ ಒಂದು ನಾಟಕವನ್ನು ಒಪ್ಪಿಕೊಂಡು, ಉಳಿದದ್ದನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳ ಮಕ್ಕಳ ಶಿಬಿರಗಳು ಆದಾಯವನ್ನೂ ತರುತ್ತವೆ. ಶಾಲೆಗಳಲ್ಲಿ ನಾಟಕ ಮಾಡಿಸುವುದು ಒಳ್ಳೆಯ ಕೆಲಸವೇ. ಆದರೂ ವರ್ಷಕ್ಕೆ ಒಮ್ಮೆಯಾದರೂ ಇನ್ನೊಬ್ಬರ ನಿರ್ದೇಶನದಲ್ಲಿ ನೀವು ರಂಗದ ಮೇಲೆ ನಿಲ್ಲಲೇಬೇಕು.

ಬೆಂಗಳೂರಿನಲ್ಲಿ ಮನೆ ಮಾಡುವ ಅಗತ್ಯ ಈಗಿಲ್ಲ. ಮೊದಲ ಸುತ್ತಿನ ಆಡಿಷನ್ ಬಹುಮಟ್ಟಿಗೆ ಮೊಬೈಲ್ ವಿಡಿಯೊದಲ್ಲೇ ನಡೆಯುತ್ತದೆ. ಬಿಳಿ ಗೋಡೆಯ ಮುಂದೆ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ನಿಂತು, ಕ್ಯಾಮೆರಾವನ್ನು ಕಣ್ಣಿನ ಮಟ್ಟದಲ್ಲಿರಿಸಿ. ಹಂಚಿನ ಮೇಲೆ ಮಳೆ ಹೊಡೆಯುವಾಗ ನಿಮ್ಮ ಮಾತು ಕೇಳಿಸದು, ಹಾಗಾಗಿ ಮಳೆ ಬಿಟ್ಟು ಹೊಳವಾದ ದಿನ ಎರಡು ಮೂರು ತುಣುಕುಗಳನ್ನು ಚಿತ್ರಿಸಿ ಸಿದ್ಧವಾಗಿಡಿ. ಹವ್ಯಕ ಕನ್ನಡ, ಕೊಂಕಣಿ ಬರುವುದಾದರೆ ಅದನ್ನೂ ತಪ್ಪದೆ ತಿಳಿಸಿ.

ಕೆಲಸ ಸಿಕ್ಕಾಗ ದಿನದ ಸಂಭಾವನೆ ಎಷ್ಟು, ಪ್ರಯಾಣ ಮತ್ತು ವಸತಿ ಯಾರದು, ಹಣ ಯಾವಾಗ ಬರುತ್ತದೆ ಎಂಬುದನ್ನು ವಾಟ್ಸ್‌ಆಪ್‌ನಲ್ಲಾದರೂ ಬರಹದಲ್ಲಿ ಪಡೆದುಕೊಳ್ಳಿ. ಪಾತ್ರ ಕೊಡಿಸಲು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಂಭಾವನೆಯಲ್ಲಿ ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿತವಾಗಿದ್ದು, ನಿಮ್ಮ ವರಮಾನ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ, ರಿಟರ್ನ್ ಸಲ್ಲಿಸಿದಾಗ ಆ ಹಣ ಮರಳಿ ಬರುತ್ತದೆ. ಸಣ್ಣ ಪಾತ್ರ ಮಾಡುವ ಅನೇಕರು ಇದನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಕಿರಿಯ ಫೆಲೋಶಿಪ್ 25ರಿಂದ 40 ವರ್ಷದೊಳಗಿನ ಕಲಾವಿದರಿಗಿದ್ದು, ಎರಡು ವರ್ಷ ತಿಂಗಳಿಗೆ 10,000 ರೂಪಾಯಿ ದೊರೆಯುತ್ತದೆ. ತಾಳಮದ್ದಳೆಯ ಮಾತುಗಾರಿಕೆಯಿಂದ ಆಧುನಿಕ ನಟ ಏನು ಕಲಿಯಬಹುದು ಎಂಬ ವಿಷಯದ ಮೇಲೆ ನೀವು ಗಟ್ಟಿಯಾದ ಪ್ರಸ್ತಾವವನ್ನೇ ಬರೆಯಬಲ್ಲಿರಿ.

ಅಪ್ಪನಿಗೆ ಭರವಸೆಯ ಮಾತುಗಳಿಗಿಂತ ಈ ವರ್ಷದ ಲೆಕ್ಕವನ್ನು ತೋರಿಸಿ: ಯಾವ ತಿಂಗಳು ತೋಟದಲ್ಲಿರುತ್ತೇನೆ, ಯಾವ ತಿಂಗಳು ಹೊರಗೆ, ಎಷ್ಟು ಬರಬಹುದು ಎಂದು ಒಂದು ಹಾಳೆಯಲ್ಲಿ ಬರೆದು, ಕೊನೆಕೊಯ್ಲು ಶುರುವಾಗುವ ಮೊದಲೇ ಅವರೊಡನೆ ಕುಳಿತು ಮಾತಾಡಿ.